ಶರಾವತಿ ಹಿನ್ನೀರಿನಲ್ಲೊಂದು ದೋಣಿದಾರಿ: ನಕ್ಷೆ ಬರೆಯುವ ಮುನ್ನ

(ಬೆಂಗಳೂರಿನ ರಾಜಾಜಿನಗರದಲ್ಲಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಜಲಾಶಯಗಳಲ್ಲಿ ನಾಲ್ಕೈದು ದಿನ ಹುಟ್ಟು ಹಾಕುತ್ತಾ ಸಾಗಬೇಕೆಂಬುದು ಈ ಭಾಗದ ಕೆಲವು ವಿದ್ಯಾರ್ಥಿಗಳ ಬಯಕೆ. ಉಪಗ್ರಹ ಚಿತ್ರವನ್ನು ಕಂಡವರಲ್ಲಿ ಇಂಥ ಆಸೆ ಮೂಡುವುದು ಸಹಜ. ಹೊಸನಗರ, ಸಾಗರ, ಹೊನ್ನಾವರ ತಾಲ್ಲೂಕುಗಳ ಕಾಡಿನ ನಡುವೆ ಮಾಣಿ, ಚಕ್ರಾ, ಸಾವೇಹಕ್ಕಲು, ಲಿಂಗನಮಕ್ಕಿ, ತಲಕಳಲೆ, ಗೇರುಸೊಪ್ಪ ಎಂದು ನೀಲಿ ತುಣುಕುಗಳು ಒಂದರ ಪಕ್ಕ ಒಂದು ಹರಡಿಕೊಂಡಿವೆ. ಒಂದರಿಂದ ಇನ್ನೊಂದಕ್ಕೆ ದೋಣಿಯನ್ನು ಹೊತ್ತು ದಾಟಿದರೆ ಆಯಿತಲ್ಲ ಎಂದು ಪರದೆಯ ಮೇಲೆ ಬೆರಳಾಡಿಸುವವರಿಗೆ ಅನ್ನಿಸುತ್ತದೆ.

ಇಂಥ ಯಾನದ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನ ಬರ್ಚ್ ಮರದ ತೊಗಟೆಯಿಂದ ಹಗುರವಾದ ಕ್ಯಾನೂ ದೋಣಿಗಳನ್ನು ಕಟ್ಟುತ್ತಿದ್ದರು. ಸರೋವರ ಮುಗಿದಲ್ಲಿ ದೋಣಿಯನ್ನು ಹೆಗಲಿಗೇರಿಸಿ ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಸುತ್ತಿದ್ದರು. ಈ ಹೊರುವ ದಾರಿಗೆ ಫ್ರೆಂಚರು ಪೋರ್ಟೇಜ್ ಎಂಬ ಹೆಸರಿಟ್ಟರು. ತುಪ್ಪಳದ ವ್ಯಾಪಾರಕ್ಕೆ ದುಡಿದ ಫ್ರೆಂಚ್ ಕೆನಡಾದ ಕೂಲಿಗಳು ಇಂಥ ದಾರಿಗಳಲ್ಲಿ ತೊಂಬತ್ತು ಪೌಂಡಿನ ಎರಡೆರಡು ಗಂಟುಗಳನ್ನು ಒಮ್ಮೆಗೇ ಬೆನ್ನ ಮೇಲೆ ಹೇರಿಕೊಂಡು ನಡೆದರು. ಮಿನೆಸೋಟ ರಾಜ್ಯದ ಗಡಿಯ ಸರೋವರ ಪ್ರದೇಶವು 1964ರ ಅಮೆರಿಕದ ಕಾಯ್ದೆಯೊಂದರಂತೆ ‘ನಿರ್ಜನ ಅರಣ್ಯ’ವೆಂದು ರಕ್ಷಣೆ ಪಡೆಯಿತು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದೂ 1964ರಲ್ಲೇ. ಅಲ್ಲಿ ಜನರು ನಡೆದು ಸವೆಸಿದ ದಾರಿಗಳಿದ್ದ ನೆಲವನ್ನು ನಿರ್ಜನವೆಂದು ಕರೆಯಲಾಯಿತು. ಇಲ್ಲಿ ಜನರಿದ್ದ ನೆಲವನ್ನು ನೀರು ಮಾಡಲಾಯಿತು.

ದೋಣಿ ಹೊರುವುದು ಕನ್ನಡ ನಾಡಿಗೂ ಹೊಸತಲ್ಲ. ತುಂಗಭದ್ರೆ, ಕಾವೇರಿಗಳಲ್ಲಿ ಹರಿಗೋಲು ನಡೆಸುವವರು ಪ್ರವಾಹದ ಜೊತೆ ಕೆಳಗಿಳಿದು, ದಡ ಸೇರಿದ ಮೇಲೆ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮತ್ತೆ ಮೇಲಕ್ಕೆ ನಡೆಯುವುದುಂಟು. ದೂರದಿಂದ ನೋಡಿದರೆ ಬುಟ್ಟಿಗೆ ಕಾಲು ಬಂದಂತೆ ಕಾಣುತ್ತದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಬಿದಿರ ಹೆಣಿಗೆಗೆ ಹಿಂದೆ ಚರ್ಮ ಹೊದೆಸುತ್ತಿದ್ದರು, ಈಗ ಡಾಂಬರು, ಪ್ಲಾಸ್ಟಿಕ್ ಹಾಳೆ ಬಂದಿದೆ. ಒಬ್ಬನೇ ಹೊರಬಲ್ಲಷ್ಟು ಹಗುರವಾಗಿರಬೇಕೆಂಬ ಲೆಕ್ಕ ಮಾತ್ರ ಬದಲಾಗಿಲ್ಲ.

ಆದರೆ ಶರಾವತಿಯ ಜಲಾಶಯಗಳ ನಡುವೆ ಹೊರುವ ದಾರಿ ಹುಡುಕಿದರೆ ಸಿಗುವುದೇನು? ಚಕ್ರಾ ನದಿಯ ನೀರು ಸಾವೇಹಕ್ಕಲಿಗೆ, ಅಲ್ಲಿಂದ ಲಿಂಗನಮಕ್ಕಿಗೆ ಹರಿಯುವುದು ಮನುಷ್ಯ ತೋಡಿದ ಮಾರ್ಗದಲ್ಲಿ. ಲಿಂಗನಮಕ್ಕಿಯಿಂದ ತಲಕಳಲೆಗೆ ನೀರು ಕಾಲುವೆಯಲ್ಲಿ ಹೋಗುತ್ತದೆ. ಆ ಕಾಲುವೆಗೆ ದೋಣಿ ಇಳಿಸುವ ಮಾತೇ ಇಲ್ಲ. ಅದು ನಿಷಿದ್ಧ, ಜೀವಕ್ಕೂ ಎರವು. ತಲಕಳಲೆಯಿಂದ ಮುಂದೆ ನೀರು ಉಕ್ಕಿನ ಕೊಳವೆಗಳಲ್ಲಿ ನಾನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ತಿರುಗಿಸಿ, ಕೆಳಗೆ ಗೇರುಸೊಪ್ಪದ ಜಲಾಶಯ ಸೇರುತ್ತದೆ. ಇತ್ತ ಜೋಗದಲ್ಲಿ ನದಿಯ ಹಳೆಯ ದಾರಿ 253 ಮೀಟರ್ ಬೀಳುತ್ತದೆ. ಒಟ್ಟಿನಲ್ಲಿ ನಕ್ಷೆಯಲ್ಲಿ ಸರಪಳಿಯಂತೆ ಕಾಣುವ ನೀಲಿ ತುಣುಕುಗಳು ನೀರಿಗೆ ಮಾತ್ರ ಸರಪಳಿ, ದೋಣಿಗಲ್ಲ. ಅಣೆಕಟ್ಟುಗಳ ಆಸುಪಾಸು ಭದ್ರತಾ ವಲಯ. ಸುತ್ತಲ ಕಾಡಿನ ಬಹುಭಾಗ 1972ರಿಂದ ಅಭಯಾರಣ್ಯ, 2019ರಲ್ಲಿ ವಿಸ್ತರಣೆಗೊಂಡು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಹೆಸರಾದದ್ದು.

ಉಳಿಯುವುದು ಲಿಂಗನಮಕ್ಕಿಯ ಹಿನ್ನೀರೊಂದೇ. ಹಾಗೆಂದು ನಿರಾಶರಾಗಬೇಕಿಲ್ಲ, ಅದೇ ಬೇಕಾದಷ್ಟು ದೊಡ್ಡದು. ಹೊಸನಗರದ ಕಡೆಯಿಂದ ಹಸಿರುಮಕ್ಕಿ, ಹೊಳೆಬಾಗಿಲುಗಳನ್ನು ಹಾದು ಹೊನ್ನೆಮರಡುವಿನವರೆಗೆ ದಡದ ಅಂಚು ಹಿಡಿದು ಸಾಗಿದರೆ ಹಲವು ದಿನಗಳ ಯಾನವಾಗುತ್ತದೆ. ಜಲಸಾಹಸದ ತರಬೇತಿಗೆ ಹೊನ್ನೆಮರಡು ದಶಕಗಳಿಂದ ಹೆಸರಾದ ಜಾಗ. ಹುಟ್ಟು ಹಿಡಿದು ಅಭ್ಯಾಸವಿಲ್ಲದವರು ಮೊದಲು ಅಲ್ಲಿ ಕಲಿಯುವುದು ವಿವೇಕ.

ಯಾವ ತಿಂಗಳು ಎಂಬುದು ಮುಖ್ಯ ಪ್ರಶ್ನೆ. ಮಳೆಗಾಲದ ಗಾಳಿ ಮಳೆಯಲ್ಲಿ ಈ ನೀರಿಗಿಳಿಯುವುದು ಹುಚ್ಚುತನ. ಬೇಸಿಗೆಯ ಕೊನೆಗೆ ನೀರು ಹತ್ತಾರು ಅಡಿ ಕೆಳಗಿಳಿದು, ದಡವೆಂದರೆ ಸೊಂಟದವರೆಗೆ ಹೂಳುವ ಕೆಸರು. ಮಳೆ ನಿಂತ ಮೇಲೆ, ನವೆಂಬರಿನಿಂದ ಜನವರಿಯವರೆಗಿನ ದಿನಗಳೇ ಮೇಲು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ದಿನಪತ್ರಿಕೆಗಳ ಮೂಲೆಯಲ್ಲಿ ಅಚ್ಚಾಗುವ ಜಲಾಶಯ ಮಟ್ಟದ ಪಟ್ಟಿಯನ್ನು ನಗರದವರು ಯಾರೂ ಓದುವುದಿಲ್ಲ. ಯಾನಕ್ಕೆ ಹೊರಟವರು ಓದಲೇಬೇಕು. ನೀರು ಒಂದಡಿ ಇಳಿದರೆ ದಂಡೆ ಬೇರೆಯಾಗುತ್ತದೆ, ದ್ವೀಪವಾಗಿದ್ದದ್ದು ಗುಡ್ಡದ ಬಾಲವಾಗುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನೀರೊಳಗೆ ನಿಂತಿರುವ ಮರಗಳು. ಆರು ದಶಕ ಕಳೆದರೂ ಕೊಳೆಯದೆ ನಿಂತ ಬೊಡ್ಡೆಗಳ ತುದಿ ಮೇಲ್ಮೈಯಿಂದ ಗೇಣು ಕೆಳಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ನಡುನೀರಿನಲ್ಲಿ ಗಾಳಿ ಎದ್ದರೆ ಅಲೆ ಸಮುದ್ರದ್ದೇ. ತೆಪ್ಪ ಮಗುಚಿ ಈ ಹಿನ್ನೀರಿನಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಆದ್ದರಿಂದ ಬೆಳಗಿನ ತಂಪಿನಲ್ಲೇ ದಿನದ ದಾರಿ ಮುಗಿಸಬೇಕು, ಅಡ್ಡ ಹಾಯುವ ಆಸೆ ಬಿಡಬೇಕು, ಜೀವರಕ್ಷಕ ಕವಚವನ್ನು ದೋಣಿಯಲ್ಲಿಡದೆ ಮೈಮೇಲೆ ಧರಿಸಬೇಕು.

ಇಷ್ಟನ್ನು ಯಾವ ಕೈಪಿಡಿಯೂ ಹೇಳೀತು. ಕೈಪಿಡಿ ಹೇಳದಿರುವುದು ಆ ಬೊಡ್ಡೆಗಳು ಯಾರ ಹಿತ್ತಲಿನ ಮರಗಳು ಎಂಬುದನ್ನು. 1948ರಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗ ಮೊದಲ ಬಾರಿಗೆ ಊರುಗಳು ಖಾಲಿಯಾದವು. ಹದಿನಾರು ವರ್ಷಗಳ ಬಳಿಕ ಲಿಂಗನಮಕ್ಕಿ ಆ ಅಣೆಕಟ್ಟನ್ನೇ ನುಂಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ಇಡಿಯಾಗಿ ಮೇಲೆದ್ದು ನಿಲ್ಲುತ್ತದೆ, ಅದರ ಸೈಫನ್‌ಗಳ ಸಾಲನ್ನು ನೋಡಲು ಜನ ಹೋಗುತ್ತಾರೆ. ಊರುಗಳು ಹಾಗೆ ಏಳುವುದಿಲ್ಲ. ತೋಟ, ಗದ್ದೆ, ದೇವರಬನ ಬಿಟ್ಟು ಹೊರಟವರಲ್ಲಿ ಅನೇಕರನ್ನು ಇಳಿಸಿದ್ದು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದ ನೆಲದಲ್ಲಿ. ಹಕ್ಕುಪತ್ರಕ್ಕಾಗಿ ಮೂರನೆಯ ತಲೆಮಾರು ಈಗಲೂ ಕಚೇರಿ ಅಲೆಯುತ್ತಿದೆ. ಅವರ ಎಷ್ಟೋ ಮನೆಗಳಿಗೆ ವಿದ್ಯುತ್ ಬಂದದ್ದು ದಶಕಗಳ ನಂತರ. ಶರಾವತಿ ಯೋಜನೆಯಲ್ಲೇ ನೌಕರರಾಗಿದ್ದ ನಾ. ಡಿಸೋಜ ಅವರು ಕಣ್ಣಾರೆ ಕಂಡ ಈ ಸಂಕಟದಿಂದ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದವು.

ಕರೂರು, ಬಾರಂಗಿ ಹೋಬಳಿಗಳ ಕಥೆ ಬೇರೆಯೇ. ಅವು ಮುಳುಗಲಿಲ್ಲ, ಬೇರ್ಪಟ್ಟವು. ತುಮರಿಯವರು ಸಾಗರಕ್ಕೆ ಬರಬೇಕೆಂದರೆ ಹೊಳೆಬಾಗಿಲಿನ ಲಾಂಚ್ ಬೇಕು. ಸಂಜೆ ಲಾಂಚ್ ನಿಂತಿತೆಂದರೆ ಹೆರಿಗೆ ನೋವಿನವರೂ ಹಾವು ಕಚ್ಚಿದವರೂ ಬೆಳಗಿಗೆ ಕಾಯಬೇಕು, ಇಲ್ಲವೇ ಕಾಡಿನ ಬಳಸುದಾರಿ ಹಿಡಿಯಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಅರವತ್ತು ವರ್ಷ ಇದೇ ಬದುಕು. ನಗರದವರು ಸಾಹಸವೆಂದು ಅರಸಿ ಹೋಗುವ ನೀರನ್ನು ಆ ಜನ ಪಡಿತರ ತರಲು ದಾಟಿದ್ದಾರೆ.

ಹೀಗಿರುವಾಗ ದೋಣಿದಾರಿಯ ನಕ್ಷೆಯನ್ನು ರಾಜಾಜಿನಗರದ ಕೋಣೆಯಲ್ಲಿ ಕುಳಿತು ಮುಗಿಸಲಾಗದು. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅಭಯಾರಣ್ಯದೊಳಗಿನ ದ್ವೀಪಗಳಲ್ಲಿ ಡೇರೆ ಹಾಕುವ ಯೋಚನೆಯನ್ನು ಕೈಬಿಡುವುದು ಒಳಿತು. ಪ್ರತಿ ಸಂಜೆ ಒಂದು ಊರಿನ ಕಡವಿನಲ್ಲಿ ಇಳಿಯುವಂತೆ ದಾರಿಯನ್ನು ಹೆಣೆದರೆ ಈ ತೊಡಕು ತಾನಾಗಿ ನಿವಾರಣೆಯಾಗುತ್ತದೆ. ಆ ನೀರಿನಲ್ಲಿ ಬಲೆ ಹಾಕಿ ಬದುಕುವವರನ್ನು ಯುಕ್ತ ಕೂಲಿ ಕೊಟ್ಟು ದಾರಿಗಾರರಾಗಿ ಜೊತೆಗೆ ಕರೆದೊಯ್ಯಬೇಕು. ಯಾವ ಕೊಲ್ಲಿಯಲ್ಲಿ ಬೊಡ್ಡೆಗಳಿವೆ, ಯಾವ ದಿಬ್ಬದ ಮರೆಯಲ್ಲಿ ಗಾಳಿ ತಾಗುವುದಿಲ್ಲ ಎಂಬುದು ಉಪಗ್ರಹಕ್ಕೆ ಗೊತ್ತಿಲ್ಲ, ಅವರಿಗೆ ಗೊತ್ತು. ರಾತ್ರಿ ಊಟದ ಹೊತ್ತಿಗೆ ಆ ಊರಿನ ಹಿರಿಯರನ್ನು ಕೇಳಿ, ಅಂದು ದಾಟಿ ಬಂದ ನೀರಿನ ಕೆಳಗಿನ ಜಾಗಗಳ ಹೆಸರನ್ನು ನಕ್ಷೆಯಲ್ಲಿ ತುಂಬಿಸಬೇಕು. ಆ ಹೆಸರುಗಳನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇದು ಬರಿಯ ಭಾವುಕತೆಯ ಮಾತಲ್ಲ. ನಕ್ಷೆಯ ಮೇಲೆ ಖಾಲಿಯಾಗಿ ಕಾಣುವ ಜಾಗಕ್ಕೆ ಯೋಜನೆಗಳು ಬೇಗ ಬರುತ್ತವೆ. 2019ರ ಜೂನಿನಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತು ಸರ್ಕಾರದಿಂದಲೇ ಬಂತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು, ಇಳಿವಯಸ್ಸಿನ ನಾ. ಡಿಸೋಜ ಆ ಹೋರಾಟದ ಮುಂಚೂಣಿಯಲ್ಲಿದ್ದರು. ಈಗ ಇನ್ನೊಂದು ಯೋಜನೆ ಎದುರಿಗಿದೆ. ಗೇರುಸೊಪ್ಪದ ನೀರನ್ನು ಸುರಂಗಗಳ ಮೂಲಕ ಮತ್ತೆ ತಲಕಳಲೆಗೆ ಏರಿಸಿ, ಬೇಕಾದಾಗ ಇಳಿಸಿ 2,000 ಮೆಗಾವಾಟ್ ಪಡೆಯುವ ಭೂಗರ್ಭ ಯೋಜನೆ. ಏರಿಸಲು ತಗಲುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಸಿಂಗಳೀಕಗಳ ಕಾಡಿನಡಿಯಲ್ಲಿ ನಡೆಯಬೇಕಾದ ಈ ಕಾಮಗಾರಿಯ ಕುರಿತು 2025ರಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದಾಗ ಕಣಿವೆಯ ಜನ ಬಲವಾಗಿ ವಿರೋಧಿಸಿದರು.

ಹಳೆಯ ಕಾಲದಲ್ಲಿ ಮನುಷ್ಯರು ನೀರಿನಿಂದ ನೀರಿಗೆ ದೋಣಿ ಹೊತ್ತರು. ಈಗ ನೀರನ್ನೇ ಹೊರಲಾಗುತ್ತಿದೆ. ರಾಜಾಜಿನಗರದ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಪಂಪುಗಳ ಹೆಗಲೇರಿ ಬರುತ್ತದೆ. ಬಳಸಿ ಚೆಲ್ಲಿದ ಮೇಲೆ ಅದು ಇಳಿಯುವುದು ವೃಷಭಾವತಿಗೆ. ಒಂದು ಕಾಲದ ತೊರೆಯಾದ ವೃಷಭಾವತಿ ಈಗ ಕಾಂಕ್ರೀಟು ಗೋಡೆಗಳ ನಡುವೆ ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಾಗಿ ಹರಿದು, ಕೆಂಗೇರಿ ದಾಟಿ, ಬಿಡದಿಯ ಬೈರಮಂಗಲ ಕೆರೆಯನ್ನು ನೊರೆಯಿಂದ ತುಂಬಿ, ಅರ್ಕಾವತಿಯ ಜೊತೆ ಸಂಗಮದಲ್ಲಿ ಕಾವೇರಿಯನ್ನೇ ಸೇರುತ್ತದೆ.

ಆದ್ದರಿಂದ ಯಾನದ ಮೊದಲ ಹಂತವನ್ನು ದೋಣಿಯಿಲ್ಲದೆ ಕಾಲ್ನಡಿಗೆಯಲ್ಲಿ ಇಟ್ಟುಕೊಳ್ಳಬಹುದು. ರಾಜಾಜಿನಗರದ ರಾಜಕಾಲುವೆಯಿಂದ ಬೈರಮಂಗಲದವರೆಗೆ ಎರಡು ದಿನದ ದಾರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಾದೀತು. ಎಲ್ಲಿ ಯಾವ ಮೋರಿ ಬಂದು ಕೂಡುತ್ತದೆ, ಕೆರೆಯ ಕೆಳಗಿನ ರೈತರು ಈ ನೀರಿನಲ್ಲಿ ಏನು ಬೆಳೆಯುತ್ತಾರೆ ಎಂದು ಬರೆದುಕೊಂಡು ಹೋದರೆ, ಆ ಬರಹವನ್ನು ತುಮರಿಯ ಜಗಲಿಯಲ್ಲಿ ಓದಿ ಹೇಳಬಹುದು. ನಗರದಿಂದ ಬಂದವರು ತಮ್ಮ ನದಿಯ ಸುದ್ದಿಯನ್ನು ಮೊದಲು ಹೇಳಿದರೆ ಅಲ್ಲಿನವರು ತಮ್ಮದನ್ನು ಹೇಳಲು ಹಿಂಜರಿಯುವುದಿಲ್ಲ. ಅನುಮತಿಯ ಅರ್ಜಿಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಅದನ್ನು ಬೇಗ ಬರೆಯಬೇಕು. ಜಲಾಶಯ ಮಟ್ಟವನ್ನು ಪುಸ್ತಕವೊಂದರಲ್ಲಿ ದಾಖಲಿಸುವ ಕೆಲಸವನ್ನು ನಾಳಿನ ಪತ್ರಿಕೆಯಿಂದಲೇ ಆರಂಭಿಸಬಹುದು.