ಮೂತ್ರಪಿಂಡದ ಪೆಟ್ಟು ತೋರಿಸುವ ಬೆಳಕು

(ಹೈದರಾಬಾದಿನ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲಾದ ಮೇಲೆ ನೋಟು ಪರೀಕ್ಷಿಸುವ ನೇರಿಳೆ ದೀಪವನ್ನು ನಾವೆಲ್ಲ ಬಲ್ಲೆವು. ಅದರಡಿ ಹಿಡಿದರೆ ಅಸಲಿ ನೋಟಿನ ನಂಬರು ಹೊಳೆಯುತ್ತದೆ. ಅಂಥದೇ ಬೆಳಕಿನಿಂದ ಮೂತ್ರಪಿಂಡಕ್ಕೆ ಬಿದ್ದ ಪೆಟ್ಟನ್ನೂ ಗುರುತಿಸುವ ವಿದ್ಯೆಯೊಂದಿದೆ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ೧೦ ಲಕ್ಷ ಸೋಸುವ ಘಟಕಗಳು, ಅವಕ್ಕೆ ಅಂಟಿದ ಸಣ್ಣ ನಾಳಗಳು. ನಾಳಗಳ ಗೋಡೆಯ ಜೀವಕೋಶಗಳಲ್ಲಿ ಎನ್.ಎ.ಜಿ. ಎಂಬ ಕಿಣ್ವವಿದೆ. ರಕ್ತದಲ್ಲಿರುವ ಈ ಕಿಣ್ವ ಗಾತ್ರದಲ್ಲಿ ದೊಡ್ಡದು, ಜರಡಿ ದಾಟಿ ಮೂತ್ರಕ್ಕೆ ಇಳಿಯಲಾರದು. ಆದ್ದರಿಂದ ಮೂತ್ರದಲ್ಲಿ ಅದು ಹೆಚ್ಚಿದರೆ ನಾಳದ ಗೋಡೆಗೇ ಪೆಟ್ಟು ಬಿದ್ದಿರಬೇಕೆಂದು ಊಹಿಸುತ್ತಾರೆ. ಪರೀಕ್ಷೆ ಹೀಗೆ: ಸಕ್ಕರೆಯ ಜಾತಿಯ ಅಣುವಿಗೆ ಹೊಳೆಯುವ ಪದಾರ್ಥವೊಂದನ್ನು ಕಟ್ಟುತ್ತಾರೆ. ಕಟ್ಟು ಇರುವ ತನಕ ಹೊಳಪು ಅಡಗಿರುತ್ತದೆ. ಕಿಣ್ವ ಆ ಕಟ್ಟನ್ನು ಕತ್ತರಿಸಿದರೆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಎಷ್ಟೋ, ಕಿಣ್ವ ಅಷ್ಟು.

ಪ್ರಯೋಜನವೇನೆಂದು ಕೇಳಬಹುದು. ಆಸ್ಪತ್ರೆಯ ಕ್ರಿಯಾಟಿನಿನ್ ಪರೀಕ್ಷೆ, ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದುವವರೆಗೂ "ಎಲ್ಲ ಸರಿ" ಎಂದೇ ಹೇಳಿಬಿಡಬಹುದು. ಕಿಣ್ವ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಆದರೆ ಇದು ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇದೆ. ಬೀದಿಯ ಲ್ಯಾಬಿಗೆ ಹೋಗಿ ಕೇಳಿದರೆ ನಮ್ಮ ಮುಖ ನೋಡಿಯಾರು.

ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ದುಡಿಯುವ ಜನ ಬಹುಕಾಲದಿಂದ ಮೂತ್ರಪಿಂಡದ ರೋಗಕ್ಕೆ ತುತ್ತಾಗಿದ್ದಾರೆ. ೨೦೨೩ರಲ್ಲಿ ಅಲ್ಲಿನ ಪಲಾಸದಲ್ಲಿ ಸಂಶೋಧನಾ ಕೇಂದ್ರವೂ ೨೦೦ ಹಾಸಿಗೆಯ ಆಸ್ಪತ್ರೆಯೂ ತೆರೆದವು. ಕಾರಣ ಇನ್ನೂ ತೀರ್ಮಾನವಾಗಿಲ್ಲ. ಬಿಸಿಲಲ್ಲಿ ಬೆವರು ಸುರಿಸಿ, ಸಾಕಷ್ಟು ನೀರಿಲ್ಲದೆ ದುಡಿಯುವುದೂ ಶಂಕೆಗಳಲ್ಲೊಂದು. ನಮಗೆ ಬಿಸಿಲಿಲ್ಲ, ಒಲೆಯಿದೆ. ದೋಸೆ ಕಾವಲಿಯ ಮುಂದೆ ನಿಂತವರು, ಗಿರಾಕಿಗಳ ನೂಕುನುಗ್ಗಲಿನಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೇ ಮುಟ್ಟದವರು ನಮ್ಮಲ್ಲಿ ಎಷ್ಟು ಮಂದಿ! ಸೊಂಟನೋವಿಗೆ ದಿನವೂ ಮಾತ್ರೆ ನುಂಗುವವರೂ ಇದ್ದಾರೆ. ಆ ಮಾತ್ರೆಗಳಲ್ಲಿ ಹಲವು, ಅತಿಯಾದರೆ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಹೊಳೆಯುವ ಪರೀಕ್ಷೆ ಬರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮಾಲೀಕರ ಮುಂದೆ ನಾವಿಡುವುದು ಇಷ್ಟೇ: ಒಲೆಯ ಬದಿಯಲ್ಲಿ ಕುಡಿಯುವ ನೀರು, ಮೂತ್ರಕ್ಕೆ ಹೋಗಿಬರಲು ಬಿಡುವು, ವರ್ಷಕ್ಕೊಂದು ದಿನ ಸಂಬಳ ಮುರಿಯದೆ ತಪಾಸಣೆಗೆ ರಜೆ. ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಈ ನಾಲ್ಕನ್ನೂ ನೋಡಿಸಬೇಕು. ಇ.ಎಸ್.ಐ. ಕಾರ್ಡು ಇದ್ದವರಿಗೆ ಸನತ್‌ನಗರದ ಆಸ್ಪತ್ರೆಯಿದೆ. ಕಾರ್ಡು ಮಾಡಿಸದ ಹೋಟೆಲಿನವರು ಸಭೆ ಮುಗಿದೊಡನೆ ಮೇಜಿನ ಬಳಿ ಬಂದು ಹೆಸರು ಬರೆಸಿರಿ.