ಕಂತಿನ ನಡಿಗೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ದೀರ್ಘವಾದ ದಾರಿಯನ್ನು ಒಂದೇ ಪಟ್ಟಿಗೆ ನಡೆದು ಮುಗಿಸಿದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಲುನಡಿಗೆಯಲ್ಲಿ ಕಾಶಿಗೆ ಹೋಗಿ ಬಂದ ಹಿರಿಯರ ನೆನಪು ಕರಾವಳಿಯ ಹಳೆಯ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಅಂಥವರ ಎದುರಿಗೆ, ಕಾಪುವಿನ ದೀಪಸ್ತಂಭದಿಂದ ಮಾಳದ ಘಟ್ಟದ ಬುಡದವರೆಗಿನ ಸುಮಾರು 75 ಕಿಲೋಮೀಟರು ದಾರಿಯನ್ನು ಎಂಟು ವರ್ಷಗಳಲ್ಲಿ ನಡೆದು ಮುಗಿಸಿದ ಇಬ್ಬರು ನಿವೃತ್ತರ ವಿಷಯವನ್ನು ಹೇಳಹೊರಟರೆ ಶ್ರೋತೃಗಳಿಗೆ ನಗು ಬರುವುದು ಸಹಜ. ಗಟ್ಟಿ ಕಾಲಿನ ಯುವಕನಿಗೆ ಅದು ನಾಲ್ಕು ದಿನದ ಕೆಲಸ. ನಾವು 2015ರ ಡಿಸೆಂಬರಿನಲ್ಲಿ ಹೊರಟವರು 2024ರ ಫೆಬ್ರವರಿಯಲ್ಲಿ ಮುಗಿಸಿದೆವು. ವರ್ಷಗಳನ್ನು ಪರ್ಯಾಯಗಳಿಂದ ಎಣಿಸುವುದು ಉಡುಪಿಯವರ ರೂಢಿ. ಆ ಲೆಕ್ಕದಲ್ಲಿ, ನಮ್ಮ ನಡಿಗೆಯ ನಡುವೆ ನಾಲ್ಕು ಪರ್ಯಾಯಗಳು ಆರಂಭವಾಗಿ ಮುಗಿದವು. ಐದನೆಯದು ಶುರುವಾಗಿ ಒಂದು ತಿಂಗಳಾಗುವ ಹೊತ್ತಿಗೆ ನಮ್ಮ ದಾರಿ ತೀರಿತು.

ಹೀಗೆ ತುಂಡು ತುಂಡಾಗಿ ನಡೆಯುವುದು ನಮ್ಮ ಕಂಡುಹಿಡಿತವಲ್ಲ. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತುವ, ಸುಮಾರು 1,200 ಕಿಲೋಮೀಟರಿನ ಯಾತ್ರೆಯೊಂದಿದೆ. ಅದನ್ನು ಬಿಡುವಾದಾಗಲೆಲ್ಲ ಒಂದೊಂದು ಭಾಗವಾಗಿ ಪೂರೈಸುವುದಕ್ಕೆ ಅವರ ಭಾಷೆಯಲ್ಲಿ ಪ್ರತ್ಯೇಕವಾದ ಹೆಸರೇ ಇದೆ. ಹಾಗೆ ಮಾಡಿದವನ ಪುಣ್ಯದಲ್ಲಿ ಯಾರೂ ಕಡಿತ ಮಾಡುವುದಿಲ್ಲ. ಅಮೆರಿಕದಲ್ಲಿ 1937ರಲ್ಲಿ ಪೂರ್ಣಗೊಂಡ ಅಪಲಾಚಿಯನ್ ಪರ್ವತಗಳ ಕಾಲುದಾರಿ ಸುಮಾರು 3,500 ಕಿಲೋಮೀಟರು ಉದ್ದ. ಅದನ್ನು ಹತ್ತಿಪ್ಪತ್ತು ವರ್ಷಗಳ ರಜೆಗಳಲ್ಲಿ ಹಂಚಿಕೊಂಡು ನಡೆಯುವವರಿದ್ದಾರೆ. ಅಷ್ಟು ದೂರ ಹೋಗುವುದೇಕೆ? ಜಬಲಪುರದ ಚಿತ್ರಕಾರ ಅಮೃತಲಾಲ ವೇಗಡರು 1977ರಲ್ಲಿ, ಐವತ್ತರ ಹೊಸ್ತಿಲಲ್ಲಿ ನಿಂತು, ನರ್ಮದೆಯ ಪರಿಕ್ರಮಕ್ಕೆ ಹೊರಟರು. ಸಂಪ್ರದಾಯದ ಪರಿಕ್ರಮಕ್ಕೆ ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನ ಬೇಕು. ಗೃಹಸ್ಥನಿಗೆ, ಅದರಲ್ಲಿಯೂ ಪಾಠ ಹೇಳುವವನಿಗೆ, ಅಷ್ಟು ರಜೆ ಎಲ್ಲಿಯದು? ಅವರು ಖಂಡ ಖಂಡವಾಗಿ ನಡೆದರು, ವರ್ಷಗಟ್ಟಲೆ ನಡೆದರು, ಕಂಡದ್ದನ್ನು ಬರೆದರು. ಆ ಬರಹದ ಗುಜರಾತಿ ರೂಪಕ್ಕೆ 2004ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ನಮ್ಮ ನಡಿಗೆಗೆ ಹೆಸರಿಟ್ಟವರು ನನ್ನ ಜೊತೆಗಾರರು. ಅವರು ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಲೆಕ್ಕ ಬರೆದು ನಿವೃತ್ತರಾದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವನೇ ಮನೆಬಾಗಿಲಿಗೆ ನಡೆದು ಬಂದು ಪಡೆದುಕೊಂಡು ಹೋಗುವ ಏರ್ಪಾಡು. "ಇದು ಪಿಗ್ಮಿ ಯಾತ್ರೆ ಮಾಸ್ಟ್ರೇ, ಕಂತು ಎಷ್ಟು ಸಣ್ಣದಾದರೂ ಅಡ್ಡಿಯಿಲ್ಲ, ಖಾತೆ ಮಾತ್ರ ನಿಲ್ಲಬಾರದು" ಎಂದು ಮೊದಲ ದಿನವೇ ಹೇಳಿದರು. ಅದಕ್ಕಾಗಿಯೇ ಒಂದು ಉದ್ದನೆಯ ಪುಸ್ತಕವನ್ನೂ ಹೊಲಿಸಿದ್ದರು. ತಾರೀಖು, ಹೊರಟ ಜಾಗ, ನಿಂತ ಜಾಗ, ನಡೆದ ದೂರ, ಕೊನೆಯಲ್ಲಿ 'ಬಾಕಿ' ಎಂಬೊಂದು ಕಲಮು. ನಿಯಮ ಒಂದೇ: ಹಿಂದಿನ ಸಲ ಎಲ್ಲಿ ನಿಂತಿದ್ದೆವೋ ಅಲ್ಲಿಂದಲೇ ಹೊರಡಬೇಕು. ಒಂದು ಮೋರಿ, ಒಂದು ಅಶ್ವತ್ಥಕಟ್ಟೆ, ಒಂದು ಗೂಡಂಗಡಿ, ಹೀಗೆ ನಿಂತ ಜಾಗಕ್ಕೆ ಗುರುತು ಬರೆಯುತ್ತಿದ್ದರು. ಮುಂದಿನ ವರ್ಷ ಹೋಗಿ ನೋಡಿದರೆ ಗೂಡಂಗಡಿಯೇ ಇರುತ್ತಿರಲಿಲ್ಲ.

ಮೊದಲ ಕಂತು ಕಡಲ ಬದಿಯದು. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬುಡದಿಂದ ಬಡಗು ಮುಖವಾಗಿ ಹೊರಟು ಕೈಪುಂಜಾಲನ್ನು ದಾಟಿ ಮಟ್ಟುವಿಗೆ. ಒದ್ದೆ ಮಳಲಿನ ಮೇಲೆ ನಡೆಯುವುದು ಸುಖವೆಂದು ದೂರದಿಂದ ನೋಡಿದವರಿಗೆ ತೋರುತ್ತದೆ. ದಂಡೆ ಒಂದು ಕಡೆಗೆ ಇಳಿಜಾರು. ಒಂದು ಗಂಟೆ ನಡೆದರೆ ಎಡಗಾಲೇ ಗಿಡ್ಡವಾದಂತೆ ಅನ್ನಿಸುತ್ತದೆ. ಕಡಲ್ಕೊರೆತಕ್ಕೆಂದು ಕರಿಕಲ್ಲುಗಳನ್ನು ಸುರಿದಲ್ಲಿ ಕೈಯನ್ನೂ ಕಾಲಾಗಿಸಿಕೊಳ್ಳಬೇಕು. ಮಟ್ಟುವಿನಲ್ಲಿ ಗುಳ್ಳದ ಕಾಲ. ವಾದಿರಾಜರು ಕೊಟ್ಟ ಬೀಜದಿಂದ ಬೆಳೆದುದೆಂದು ಐತಿಹ್ಯವಿರುವ, 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಬದನೆಯನ್ನು ಗದ್ದೆಯಲ್ಲಿ ಕೊಯ್ಯುತ್ತಿದ್ದವರು, ಚೀಲ ಹೊತ್ತ ನಮ್ಮನ್ನು ಗಿರಾಕಿಗಳೆಂದೇ ತಿಳಿದರು. ಅವರ ಎಣಿಕೆ ಸುಳ್ಳಾಗಲಿಲ್ಲ. ಆ ದಿನದ ನಡಿಗೆ ಎರಡು ಕಿಲೋ ಗುಳ್ಳದ ಭಾರಕ್ಕೆ ಅಲ್ಲಿಯೇ ನಿಂತಿತು.

ಮಟ್ಟುವಿನಿಂದ ಪಡುಕೆರೆಯ ಮೇಲೆ ಮಲ್ಪೆಯವರೆಗಿನ ಹಾದಿಯಂಥದು ನಮ್ಮ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಎಡಕ್ಕೆ ಕಡಲು, ಬಲಕ್ಕೆ ತೆಂಗಿನ ಸಾಲಿನಾಚೆ ಪಾಪನಾಶಿನಿ. ನಡುವೆ ಒಂದು ಪಟ್ಟೆ ನೆಲ, ಅದರ ಮೇಲೆ ಮನೆ, ಭಜನಾ ಮಂದಿರ, ಒಣಗಲು ಹರಡಿದ ಬಲೆ. ಕೈರಂಪಣಿ ಎಳೆಯುತ್ತಿದ್ದ ಮೊಗವೀರರ ಹಗ್ಗಕ್ಕೆ ನನ್ನ ಗೆಳೆಯರು ಕೈ ಕೊಟ್ಟು ಅರ್ಧ ಗಂಟೆ ನಿಂತರು. ಆ ದಿನ ಅವರು ಎಳೆದ ರೀತಿ, ಊರಿದ ಕಾಲು, ಬಾಗಿದ ಬೆನ್ನು ನನ್ನ ಕಣ್ಣಿನಲ್ಲಿ ಹಾಗೆಯೇ ನಿಂತಿದೆ. ಮುಂದೆ ಹೇಳುವುದಕ್ಕೆ ಅದು ಬೇಕಾಗುತ್ತದೆ.

ಮಲ್ಪೆಯಿಂದ ಉಡುಪಿ, ಉಡುಪಿಯಿಂದ ಮಣಿಪಾಲ, ಇದನ್ನು ಬೇಗ ದಾಟುತ್ತೇನೆ. ದಿನವೂ ಬಸ್ಸಿನಲ್ಲಿ ಓಡಾಡಿದ ದಾರಿಯನ್ನು ನಡೆದಾಗ ಹೊಸತಾಗಿ ಕಂಡದ್ದು ಅದರ ಏರು ಮಾತ್ರ. ಇಂದ್ರಾಳಿಯನ್ನು ದಾಟಿದೊಡನೆ ನೆಲ ತನ್ನ ಬಣ್ಣ ಬದಲಿಸುತ್ತದೆ. ಅಲ್ಲಿಯ ತನಕ ಮಳಲು, ಅಲ್ಲಿಂದಾಚೆ ಮುರಕಲ್ಲು. ಮಣಿಪಾಲವೆಂದರೆ ಒಂದು ಮುರಕಲ್ಲಿನ ಹಾಸು. 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈಗಳು ಅಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯುವ ಮೊದಲು ಅದು ಬೋಳುಗುಡ್ಡ. ಈಗ ಭಾರತದ ಎಲ್ಲ ಭಾಷೆಗಳನ್ನೂ ಅಲ್ಲಿಯ ಹೋಟೆಲುಗಳಲ್ಲಿ ಕೇಳಬಹುದು. ಭಾಷೆಯೂ ಹೀಗೆ ಪದರ ಪದರವಾಗಿ ಬದಲಾಗುವುದು ನಡೆಯುವವನಿಗೇ ತಿಳಿಯುತ್ತದೆ. ಕಡಲ ಬದಿಯಲ್ಲಿ ತುಳುವಿನೊಡನೆ ಬ್ಯಾರಿ, ಪೇಟೆಗಳಲ್ಲಿ ಕೊಂಕಣಿ, ಕೊನೆಗೆ ಮಾಳದ ಅಡಿಕೆ ತೋಟಗಳಲ್ಲಿ ಚಿತ್ಪಾವನರ ಮರಾಠಿ.

ಪರ್ಕಳದ ಬಳಿ ನಮ್ಮ ಲೆಕ್ಕದಲ್ಲಿ ಒಂದು ತೆರಪು ಬಿದ್ದಿತು. 2019ರ ಜನವರಿ. ರಸ್ತೆಯ ಅಂಚನ್ನು ಅಗೆದಿದ್ದರು; ಒಂದು ಬದಿಗೆ ಕೆಂಪು ಮಣ್ಣಿನ ಗೋಡೆ, ಇನ್ನೊಂದು ಬದಿಗೆ ಬೆನ್ನು ಸವರಿಕೊಂಡು ಹೋಗುವ ಲಾರಿಗಳು. ಒಂದೂವರೆ ಕಿಲೋಮೀಟರನ್ನು ಬಸ್ಸಿನಲ್ಲಿ ದಾಟಿ ಆತ್ರಾಡಿಯ ಕಡೆಯಿಂದ ಮತ್ತೆ ನಡೆದೆವು. ಗೆಳೆಯರು 'ಬಾಕಿ' ಕಲಮಿನಲ್ಲಿ ಆ ದೂರವನ್ನು ಬರೆದು ಕೆಂಪು ಶಾಯಿಯಲ್ಲಿ ಗೀಟು ಹಾಕಿದರು.

ಹಿರಿಯಡಕದಲ್ಲಿ ಒಬ್ಬ ಹಳೆಯ ಪಥಿಕನನ್ನು ನೆನೆಯಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1801ರಲ್ಲಿ ಕಾರ್ಕಳದಿಂದ ಹಿರಿಯಡಕದ ಮೇಲೆ ಉಡುಪಿಗೆ ಬಂದ. ನಾವು ಹೋಗುತ್ತಿದ್ದುದು ಅವನಿಗೆ ಎದುರು ದಿಕ್ಕಿನಲ್ಲಿ. ಅವನಿಗೆ ಸರಕಾರದ ಬೆಂಬಲವಿತ್ತು, ಗದ್ದೆಯ ಗೇಣಿಯಿಂದ ಹಿಡಿದು ಎಲ್ಲವನ್ನೂ ಬರೆದುಕೊಳ್ಳುವ ಹೊಣೆಯಿತ್ತು. ಅವನು ಒಂದು ಸೀಮೆಯನ್ನು ಒಂದು ಸಲ ಮಾತ್ರ ಕಂಡ. ಅದೇ ಅವನ ಪುಸ್ತಕದ ಬಲವೂ ಹೌದು, ಮಿತಿಯೂ ಹೌದು. ಕಂತಿನಲ್ಲಿ ನಡೆಯುವವನಿಗೆ ಒಂದೇ ಜಾಗ ಎರಡು ಸಲ ಎದುರಾಗುತ್ತದೆ. ಹಿರಿಯಡಕಕ್ಕೆ ಹತ್ತಿರದ ಬಜೆಯಲ್ಲಿ, ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಸ್ವರ್ಣೆಯನ್ನು ನಾನು 2019ರ ಮೇ ತಿಂಗಳಲ್ಲಿ ನೋಡಿದೆ. ಅಣೆಕಟ್ಟಿನ ನೀರು ತಳ ಕಂಡು, ಹೊಳೆಯ ಗುಂಡಿಗಳಲ್ಲಿ ನಿಂತುದನ್ನು ಪಂಪಿನಿಂದ ಎತ್ತುತ್ತಿದ್ದರು. ಮರುವರ್ಷ ಸೆಪ್ಟೆಂಬರ್ 20ರಂದು ಅದೇ ಸ್ವರ್ಣೆ ದಡ ಮೀರಿ ಮನೆಗಳಿಗೆ ನುಗ್ಗಿದಳು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಾವು ನಾಲ್ಕೇ ದಿನದಲ್ಲಿ ನಡೆದು ಮುಗಿಸಿದ್ದರೆ ಈ ಎರಡನ್ನೂ ಒಂದೇ ಹೊಳೆಯೆಂದು ನಂಬುತ್ತಿರಲಿಲ್ಲ.

ಆ 2020ರ ವರ್ಷ ನಮಗೆ ಬೇರೆ ರೀತಿಯಲ್ಲಿಯೂ ಕಠಿಣವಾಯಿತು. ಮಾರ್ಚಿನಲ್ಲಿ ದೇಶವೇ ಬಾಗಿಲು ಮುಚ್ಚಿಕೊಂಡಿತು. ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಗೆಳೆಯರು ಅದರ ಬಗ್ಗೆ ಏನೂ ಹೇಳಲಿಲ್ಲ. ಬ್ಯಾಂಕಿನ ಹೆಸರಿದ್ದ ಹಳೆಯ ಪೆನ್ನಿನಲ್ಲಿಯೇ ಬರೆಯುತ್ತ ಹೋದರು. ಆದರೆ ಆ ಬರಹದ ಅಕ್ಷರಗಳು ಸಾಲಿನಿಂದ ಸಾಲಿಗೆ ಕಿರಿದಾಗುತ್ತಿರುವುದನ್ನು ನಾನು ಗಮನಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ವೈದ್ಯರು ಅದಕ್ಕೆ ಹೆಸರು ಹೇಳಿದರು: ಪಾರ್ಕಿನ್ಸನ್, ನಮ್ಮ ಹಳಬರು ಕಂಪವಾತವೆನ್ನುತ್ತಿದ್ದ ಕಾಯಿಲೆ. ಕೈ ನಡುಗುವುದು ಅದರ ಕಣ್ಣಿಗೆ ಕಾಣುವ ಭಾಗ. ನಡೆಯುವವನಿಗೆ ಅದು ಕೊಡುವ ಕಾಟ ಬೇರೆ: ಹೆಜ್ಜೆ ಗಿಡ್ಡವಾಗುತ್ತದೆ, ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಮನಸ್ಸು ಮುಂದೆ ಹೋಗಿರುತ್ತದೆ, ಪಾದ ಬಂದಿರುವುದಿಲ್ಲ.

ದಾರಿಯನ್ನು ಅಲ್ಲಿಗೇ ಬಿಡಬೇಕೆಂದು ಅವರ ಮನೆಯವರು ಹೇಳಿದರು. ನಾನೂ ಮನಸ್ಸಿನಲ್ಲಿ ಬಿಟ್ಟಿದ್ದೆ. ಒಬ್ಬನೇ ಹೋಗಿ ಮುಗಿಸಿ ಬರುವ ಯೋಚನೆಯೂ ಬಂದಿತ್ತೆಂದು ಹೇಳಿದರೆ ತಪ್ಪೇನಿಲ್ಲ. ಗೆಳೆಯರು ಪುಸ್ತಕವನ್ನು ತಂದು ನನ್ನ ಮುಂದಿಟ್ಟು, "ಎರಡಾಣೆಯೂ ಠೇವಣಿಯೇ ಮಾಸ್ಟ್ರೇ" ಎಂದರು. 2021ರ ಚಳಿಗಾಲದಲ್ಲಿ ಹಿರಿಯಡಕದಿಂದ ಬೈಲೂರಿನ ಕಡೆಗೆ ಮತ್ತೆ ಹೊರಟೆವು. ಔಷಧದ ಗುಣ ಚೆನ್ನಾಗಿರುವ ಎರಡು ಗಂಟೆಗಳನ್ನು ನೋಡಿಕೊಂಡು ನಡೆಯಬೇಕು. ಮೊದಲು ಹನ್ನೆರಡು ಕಿಲೋಮೀಟರು ಇದ್ದ ಕಂತು ಮೂರಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. ಬಸ್ಸಿನ ಕಂಡಕ್ಟರೊಬ್ಬರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಎಂತ ಮಾರಾಯ್ರೆ, ಮೊನ್ನೆ ಇಳಿದ ಸ್ಟಾಪಿನಿಂದ ಮುಂದಿನ ಸ್ಟಾಪಿಗೆ ಇವತ್ತು ಟಿಕೇಟಾ?" ಎಂದು ಕೇಳಿ, ಗೆಳೆಯರು ಇಳಿಯುವಾಗ ಮಾತ್ರ ಬಸ್ಸನ್ನು ಪೂರ್ತಿ ನಿಲ್ಲಿಸಿ ಕೈ ಹಿಡಿಯುತ್ತಿದ್ದರು.

ಕಾಲು ಅಂಟಿ ನಿಂತಾಗ ಹೊರಗಿನ ತಾಳವೊಂದು ಸಿಕ್ಕಿದರೆ ಅದು ಮತ್ತೆ ಏಳುತ್ತದೆಂದು ವೈದ್ಯರು ಹೇಳಿದ್ದರು. ಗೆಳೆಯರು ತಾಳಮದ್ದಲೆಯ ಹುಚ್ಚಿನವರು. ನಾನು ತೊಡೆ ತಟ್ಟಿ ಏಕತಾಳ ಹಾಕುತ್ತಿದ್ದೆ, ಅವರು ಅದಕ್ಕೆ ಹೆಜ್ಜೆ ಹಾಕುತ್ತಿದ್ದರು. ಬೈಲೂರಿನ ಏರಿನಲ್ಲಿ ಇಬ್ಬರು ಮುದುಕರು ಹೀಗೆ ತಾಳ ಹಾಕಿಕೊಂಡು ಬರುವುದನ್ನು ಕಂಡ ಶಾಲೆಯ ಮಕ್ಕಳು ಯಾವುದೋ ಮೇಳದವರೆಂದು ತಿಳಿದು ಹಿಂದೆ ಬಂದರು.

2022ರ ಕೊನೆಗೆ ಕಾರ್ಕಳ. ಅಲ್ಲಿ ನೆಲ ಎರಡನೆಯ ಸಲ ಬದಲಾಗುತ್ತದೆ: ಮುರಕಲ್ಲು ಮುಗಿದು ಶಿಲೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೋಮಟ ನಿಂತಿರುವುದು ಅಂಥ ಒಂದು ಬಂಡೆಯ ನೆತ್ತಿಯಲ್ಲಿ. ಬೆಟ್ಟದ ಬುಡದಲ್ಲಿ ನಾನು, "ನೀವು ಇಲ್ಲೇ ಕುಳಿತಿರಿ, ನಾನು ನೋಡಿ ಬರುತ್ತೇನೆ" ಎಂದೆ. ಗೆಳೆಯರು ಉತ್ತರ ಕೊಡದೆ ಬಂಡೆಯಲ್ಲಿ ಕೊರೆದ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಸಮತಟ್ಟು ರಸ್ತೆಯಲ್ಲಿ ಒಂದು ಗೆರೆಯನ್ನು ದಾಟಲಾರದೆ ನಿಲ್ಲುತ್ತಿದ್ದ ಆ ಕಾಲು, ಮೆಟ್ಟಿಲ ಮೇಲೆ ಒಂದೇ ಒಂದು ಸಲವೂ ತಡವರಿಸಲಿಲ್ಲ. ನಾನು ದಿಗಿಲಿನಿಂದ ಹಿಂದೆ ಹಿಂದೆ ಏರಿದೆ. ಏದುಸಿರು ಬಂದದ್ದು ನನಗೆ. ಆಮೇಲೆ ತಿಳಿಯಿತು: ಈ ಕಾಯಿಲೆಯವರಲ್ಲಿ ಇದು ವೈದ್ಯರಿಗೆ ಪರಿಚಿತವಾದ ವಿಚಿತ್ರ. ಕಣ್ಣಿನ ಮುಂದೆ ಒಂದೊಂದೇ ಮೆಟ್ಟಿಲು ಬಿಡಿಯಾಗಿ ಕಂಡರೆ ಕಾಲಿಗೆ ದಾರಿ ಸಿಗುತ್ತದೆ. ಅಖಂಡವಾಗಿ ಹರಡಿದ ನೆಲದಲ್ಲಿಯೇ ಅದು ತೊಡಕುವುದು. ಮೇಲೆ ನಿಂತು, ಎದುರಿನ ಗುಡ್ಡದ ಮೇಲಿನ, 1586ರ ಚತುರ್ಮುಖ ಬಸದಿಯನ್ನೂ ಮೂಡಣದ ನೀಲಿ ಘಟ್ಟವನ್ನೂ ಬಹಳ ಹೊತ್ತು ನೋಡಿದೆವು. ಇಳಿಯುವಾಗ ಮಾತ್ರ ನನ್ನ ಹೆಗಲನ್ನು ಹಿಡಿದರು.

ಕಾರ್ಕಳದಿಂದ ಬಜಗೋಳಿಗೆ, ಅಲ್ಲಿಂದ ಮಾಳಕ್ಕೆ ಇಡೀ 2023 ಬೇಕಾಯಿತು. ಮಳೆಗಾಲದ ತಿಂಗಳುಗಳನ್ನು ಕಳೆದು ಉಳಿದ ಪ್ರತಿ ತಿಂಗಳಿಗೂ ಪುಸ್ತಕದಲ್ಲಿ ಒಂದಾದರೂ ನಮೂದಿದೆ. ಎಲ್ಲಕ್ಕಿಂತ ಚಿಕ್ಕದು 400 ಮೀಟರು. ಮಾಳದಲ್ಲಿ ರಸ್ತೆ ಘಟ್ಟ ಹತ್ತತೊಡಗುತ್ತದೆ. ಆಚೆಗೆ, 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಬೇಕೆಂದ ಕಡೆ ನಿಂತು ನಡೆಯುವ ಸ್ವಾತಂತ್ರ್ಯ ಸಾರ್ವಜನಿಕರಿಗಿಲ್ಲ. ಇರಬಾರದೆಂಬುದೇ ನನ್ನ ಅಭಿಪ್ರಾಯ ಕೂಡ. 2005ರ ಕೊನೆಯವರೆಗೂ ಗಣಿಯನ್ನು ಹೊತ್ತ ಆ ಬೆಟ್ಟಗಳಿಗೆ ನಮ್ಮ ಕಾಲಿನ ಕಂತು ಬಾಕಿಯಿಲ್ಲ. ಅರಣ್ಯದ ಗೇಟಿನ ಈಚೆಗೆ ನಿಂತೆವು. ಅದು ಡಿಸೆಂಬರ್ ತಿಂಗಳು. ಘಟ್ಟದಿಂದ ತಂಪು ಗಾಳಿ ಇಳಿಯುತ್ತಿತ್ತು. ನಾನು ಕೈ ಮುಗಿದೆ. ಗೆಳೆಯರು ಪುಸ್ತಕ ತೆಗೆದು, ಪುಟಗಳನ್ನು ಹಿಂದಕ್ಕೆ ಮಗುಚಿ, ಕೆಂಪು ಗೀಟಿನ ಮೇಲೆ ಬೆರಳಿಟ್ಟರು.

ಹಾಗಾಗಿ ನಮ್ಮ ದಾರಿ ಮುಗಿದದ್ದು ಘಟ್ಟದ ಬುಡದಲ್ಲಿ ಅಲ್ಲ, ಪರ್ಕಳದ ಆಚೆ. 2024ರ ಫೆಬ್ರವರಿಯ ಒಂದು ಭಾನುವಾರ, ವಾಹನಗಳು ಏಳುವ ಮೊದಲು, ಬೆಳಗಿನ ಆರು ಗಂಟೆಗೆ ಹೊರಟೆವು. ಒಂದೂವರೆ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ತಾಳ ಹಾಕಿ ಹಾಕಿ ನನ್ನ ಅಂಗೈ ಕೆಂಪಾಗಿತ್ತು. ಐದು ವರ್ಷಗಳ ಹಿಂದೆ ಬಸ್ಸಿನಿಂದ ಇಳಿದಿದ್ದ ಜಾಗಕ್ಕೆ ಪುಸ್ತಕದಲ್ಲಿ ಬರೆದಿದ್ದ ಗುರುತು ಒಂದು ಹಲಸಿನ ಮರ. ಮರವಿರಲಿಲ್ಲ, ಅದರ ಬೊಡ್ಡೆಯಿತ್ತು. ಗೆಳೆಯರು ಕೋಲಿನಿಂದ ಅದನ್ನು ಮುಟ್ಟಿದರು. ಎದುರಿನ ಅಂಗಡಿಯವರು ಆಗಷ್ಟೇ ಹಲಗೆ ತೆಗೆಯುತ್ತಿದ್ದರು. ಅವರ ಬೆಂಚಿನ ಮೇಲೆ ಕುಳಿತು ಎರಡು ಚಾ ಕುಡಿದೆವು. ಬರೆಯುವುದು ಗೆಳೆಯರಿಗೆ ಆಗ ಕಷ್ಟವಾಗಿತ್ತು. ತಾರೀಖನ್ನೂ ದೂರವನ್ನೂ ಅವರು ಹೇಳಿದಂತೆ ನಾನು ಬರೆದೆ. ಬಾಕಿಯ ಕಲಮಿನಲ್ಲಿ ಸೊನ್ನೆಯನ್ನು ಮಾತ್ರ ಪೆನ್ನು ಇಸಿದುಕೊಂಡು ತಾವೇ ಹಾಕಿದರು. ಎಂಟೂಕಾಲರ ಬಸ್ಸು ಬಂತು.