ಮಂಗಳನ ನೆಲದ ಮೇಲಣ ಗಾಲಿಗಳು



ರಾಜಧಾನಿಯ ವಾಯವ್ಯದಲ್ಲಿರುವ ಈ ರೋಹಿಣಿ ಬಡಾವಣೆಯಲ್ಲಿ ನೆಲೆಸಿ, ಸರ್ಕಾರಿ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ದುಡಿಯುತ್ತ, ಹೊರಗೆ ಹಿಂದಿಯನ್ನಾಡಿದರೂ ಮನೆಯೊಳಗೆ ಕನ್ನಡವನ್ನು ಬಿಡದೆ ಉಳಿಸಿಕೊಂಡು ಬಂದಿರುವ ನೀವು, ವಿಜ್ಞಾನವನ್ನು ಕುರಿತ ಈ ಸಮಾವೇಶದ ಅಧ್ಯಕ್ಷಪೀಠಕ್ಕೆ ನನ್ನನ್ನು ಬರಮಾಡಿಕೊಂಡಿರುವುದಕ್ಕೆ ಹೃತ್ಪೂರ್ವಕವಾಗಿ ವಂದಿಸುತ್ತೇನೆ. ಅಧ್ಯಕ್ಷನಾದವನು ಹತ್ತಾರು ವಿಷಯಗಳನ್ನು ಮುಟ್ಟಿ ಹೋಗುವುದು ವಾಡಿಕೆಯಾದರೂ, ನಾನು ಒಂದನ್ನೇ ಹಿಡಿದು ಮಾತನಾಡಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಮಂಗಳಗ್ರಹದ ನೆಲದ ಮೇಲೆ ಮನುಷ್ಯನ ಪರವಾಗಿ ಸಂಚರಿಸುವ ರೋವರ್ ಎಂಬ ಯಂತ್ರವೇ ಆ ವಿಷಯ. ಅಂತಹ ಯಂತ್ರವಿದ್ಯೆಗೆ ನೆಲೆಯಾಗಿರುವ ನಮ್ಮ ನಾಡು ಅದರ ವೃತ್ತಾಂತವನ್ನು ತನ್ನ ನುಡಿಯಲ್ಲಿ ಬರೆದಿಡಬೇಕಾದ ಹೊಣೆಯನ್ನು ಇನ್ನೂ ಪೂರ್ಣವಾಗಿ ಹೊತ್ತಿಲ್ಲವೆಂಬುದು ನನ್ನ ಅಭಿಪ್ರಾಯ.

ಕುಜನೆಂದೂ ಅಂಗಾರಕನೆಂದೂ ಹೆಸರಾಗಿ, ಜಾತಕದ ಮನೆಗಳಲ್ಲಿ ಕುಳಿತು ಎಷ್ಟೋ ಹೆಣ್ಣುಮಕ್ಕಳ ವಿವಾಹಕ್ಕೆ ಅಡ್ಡಬಂದನೆಂದು ದೂಷಿತನಾದ ಈ ಗ್ರಹದ ಕೆಂಬಣ್ಣವು ಅದರ ಮಣ್ಣಿನಲ್ಲಿ ಬೆರೆತ ಕಬ್ಬಿಣದ ತುಕ್ಕಿನದೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಅಲ್ಲಿಯ ವಾಯುವಿನ ಒತ್ತಡವು ನಮ್ಮದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅಂತಹ ನೆಲದ ಮೇಲೆ ಗಾಲಿಗಳಿಂದ ಉರುಳಿ ಕೆಲಸಮಾಡಿದ ಮೊದಲನೆಯ ಯಂತ್ರ 1997ರ ಜುಲೈಯಲ್ಲಿ ಇಳಿದ ಸೋಜರ್ನರ್. ತೂಕ ಹತ್ತು ಕಿಲೋಗ್ರಾಂ ಚಿಲ್ಲರೆ. 2004ರಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ, 2012ರಲ್ಲಿ ಕ್ಯೂರಿಯಾಸಿಟಿ, 2021ರಲ್ಲಿ ಒಂದು ಟನ್ನಿನಷ್ಟು ತೂಗುವ ಪರ್ಸಿವಿಯರೆನ್ಸ್, ಅದೇ ವರ್ಷ ಚೀನದ ಝುರಾಂಗ್ ಒಂದರ ಹಿಂದೊಂದು ಬಂದುವು. ಪರ್ಸಿವಿಯರೆನ್ಸ್ ಜೆಝೆರೊ ಕುಳಿಯಲ್ಲಿ ಸುರಕ್ಷಿತವಾಗಿ ಇಳಿಯಿತೆಂಬ ವಾರ್ತೆಯನ್ನು ಲೋಕಕ್ಕೆ ಸಾರಿದವರು, ಬೆಂಗಳೂರಿನಲ್ಲಿ ಹುಟ್ಟಿ ಶೈಶವದಲ್ಲಿಯೇ ಅಮೆರಿಕೆಗೆ ಹೋದ ಸ್ವಾತಿ ಮೋಹನ್ ಎಂಬುದನ್ನು ಇಲ್ಲಿ ಸ್ಮರಿಸಲು ನನಗೆ ಸಂತೋಷವಾಗುತ್ತದೆ.

ಈ ಯಂತ್ರವನ್ನು ದೂರದಲ್ಲಿ ಕುಳಿತು ಮೋಟಾರು ಬಂಡಿಯಂತೆ ನಡೆಸುತ್ತಾರೆಂಬ ಭಾವನೆ ಜನರಲ್ಲುಂಟು, ಅದು ಸರಿಯಲ್ಲ. ಮಂಗಳನು ನಮಗೆ ಅತಿ ಸಮೀಪದಲ್ಲಿದ್ದಾಗ ರೇಡಿಯೋ ಸಂಕೇತವು ಅಲ್ಲಿಗೆ ತಲುಪಲು ಮೂರು ನಿಮಿಷ ಬೇಕಾದರೆ, ಸೂರ್ಯನ ಆಚೆಯ ಬದಿಗೆ ಸರಿದಾಗ ಇಪ್ಪತ್ತೆರಡು ನಿಮಿಷಗಳು ಬೇಕು. ಗಾಲಿಯೊಂದು ಕುಳಿಯಂಚಿಗೆ ಬಂದಿರುವುದನ್ನು ನಾವು ಕಾಣುವ ವೇಳೆಗೆ ಅದು ಕುಳಿಯೊಳಗೆ ಬಿದ್ದು ಆಗಿರುತ್ತದೆ. ಆದಕಾರಣ ದಿನದ ಕೆಲಸವನ್ನೆಲ್ಲ ಮುಂಚಿತವಾಗಿ ಯೋಚಿಸಿ ಆಜ್ಞೆಗಳನ್ನು ಒಟ್ಟಾಗಿ ಕಳುಹಿಸಿ, ನಡುದಾರಿಯ ಕಲ್ಲನ್ನು ಕಂಡು ಬಳಸಿ ಹೋಗುವ ವಿವೇಚನೆಯನ್ನು ಯಂತ್ರಕ್ಕೇ ಬಿಡುತ್ತಾರೆ. ಅದರ ಆರು ಗಾಲಿಗಳನ್ನು ಕೀಲುಗಳಿಂದ ಜೋಡಿಸಿರುವುದರಿಂದ, ಒಂದು ಗಾಲಿ ಬಂಡೆಯನ್ನೇರಿದಾಗಲೂ ಉಳಿದವು ನೆಲವನ್ನು ಬಿಡವು. ಮಂಗಳನ ದಿನವು ನಮ್ಮದಕ್ಕಿಂತ ಸುಮಾರು ನಲವತ್ತು ನಿಮಿಷ ದೀರ್ಘವಾದುದರಿಂದ, ಯಂತ್ರ ಇಳಿದ ಮೊದಲ ತಿಂಗಳುಗಳಲ್ಲಿ ಅದನ್ನು ನಡೆಸುವವರು ಪ್ರತಿದಿನವೂ ಅಷ್ಟಷ್ಟೇ ತಡವಾಗಿ ಕೆಲಸಕ್ಕೆ ಬರುತ್ತ, ಹಗಲಿರುಳುಗಳ ನಿಯಮವನ್ನೇ ಮರೆತು ಬಾಳುತ್ತಾರೆ. ಜ್ಞಾನಕ್ಕಾಗಿ ಮನುಷ್ಯನು ಸಲ್ಲಿಸುವ ಈ ತಪಸ್ಸನ್ನು ನಾನು ಅತ್ಯಂತ ಗೌರವದಿಂದ ಕಾಣುತ್ತೇನೆ.

ಆಪರ್ಚುನಿಟಿಯ ಅವಸಾನವಂತೂ ದಿಲ್ಲಿಯ ನಿವಾಸಿಗಳಿಗೆ ವಿಶೇಷವಾಗಿ ಮನದಟ್ಟಾಗತಕ್ಕುದು. ಮಂಗಳನ ತೊಂಬತ್ತು ದಿನಗಳ ಬಾಳಿಕೆಗೆಂದು ನಿರ್ಮಿತವಾದ ಆ ಯಂತ್ರವು ಹದಿನಾಲ್ಕು ವರ್ಷ ಬದುಕಿ, 45 ಕಿಲೋಮೀಟರುಗಳನ್ನು ಸವೆಸಿ, ಒಮ್ಮೆ ಅಲ್ಲಿ ನೀರಿದ್ದುದಕ್ಕೆ ಶಿಲೆಗಳಲ್ಲಿ ಸಾಕ್ಷ್ಯವನ್ನು ಹುಡುಕಿಕೊಟ್ಟು, ಕೊನೆಗೆ 2018ರ ಜೂನ್ ತಿಂಗಳಲ್ಲಿ ಗ್ರಹವನ್ನೆಲ್ಲ ಆವರಿಸಿದ ಧೂಳಿನ ಬಿರುಗಾಳಿಯಲ್ಲಿ, ಸೌರಫಲಕಗಳಿಗೆ ಬೆಳಕು ಸಾಲದೆ ಮೌನವಾಯಿತು. ಅದೇ ಜೂನ್ ತಿಂಗಳಲ್ಲಿ ಈ ನಗರವೂ ದಿನಗಟ್ಟಲೆ ಧೂಳಿನ ಮುಸುಕಿನಲ್ಲಿದ್ದು, ಕಟ್ಟಡದ ಕೆಲಸಗಳನ್ನು ನಿಲ್ಲಿಸಬೇಕಾಗಿ ಬಂದುದು ನಿಮಗೆ ನೆನಪಿರಬಹುದು.

ಇನ್ನು ನಮ್ಮ ನಾಡಿನ ಮಾತು. 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಮಂಗಳಯಾನವು ಮುಂದಿನ ವರ್ಷ ಸೆಪ್ಟೆಂಬರ್ 24ರಂದು, ಮೊದಲನೆಯ ಪ್ರಯತ್ನದಲ್ಲಿಯೇ, ಮಂಗಳನ ಕಕ್ಷೆಯನ್ನು ಸೇರಿತು. ಅದನ್ನು ನಡೆಸಿದವರು ಬೆಂಗಳೂರಿನ ಪೀಣ್ಯದಲ್ಲಿದ್ದರು. ಅದರೊಡನೆ ಮಾತನಾಡುತ್ತಿದ್ದುದು ಬ್ಯಾಲಾಳು ಗ್ರಾಮದ 32 ಮೀಟರ್ ವ್ಯಾಸದ ಆಂಟೆನಾ. ನಮ್ಮ ರೋವರ್ ಮಂಗಳನನ್ನು ಇನ್ನೂ ಮುಟ್ಟಿಲ್ಲ, ದಿಟ. ಆದರೆ 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ 26 ಕಿಲೋಗ್ರಾಂ ತೂಕದ ಪ್ರಜ್ಞಾನ್, ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾದಾಗ ಆಜ್ಞೆಯನ್ನು ಪಡೆದು ಹಿಂತಿರುಗಿ, ಬೇರೆ ದಾರಿ ಹಿಡಿದು, ನೂರು ಮೀಟರಿಗೂ ಮಿಕ್ಕು ನಡೆಯಿತು. ಲೇಸರ್ ಕಿರಣದಿಂದ ಮಣ್ಣನ್ನು ಸುಟ್ಟು ಆ ಬೆಳಕನ್ನೋದಿ ಅಲ್ಲಿ ಗಂಧಕವಿದೆಯೆಂದು ಹೇಳಿದ ಅದರ ಉಪಕರಣವು ಸಿದ್ಧವಾದುದು ಪೀಣ್ಯದ ಪ್ರಯೋಗಾಲಯದಲ್ಲಿ. ಕ್ಯೂರಿಯಾಸಿಟಿ ಮಂಗಳನ ಶಿಲೆಗಳನ್ನು ಪರೀಕ್ಷಿಸುವುದೂ ಇದೇ ತತ್ತ್ವದಿಂದ. ಚಳ್ಳಕೆರೆಯ ಬಯಲಿನಲ್ಲಿ ಕೃತಕ ಕುಳಿಗಳನ್ನು ತೋಡಿ ಇಳಿಯುವ ಯಂತ್ರದ ಕಣ್ಣುಗಳನ್ನು ಪರೀಕ್ಷಿಸಿದರು. ಚಂದ್ರನ ಮಣ್ಣನ್ನು ಹೋಲುವ ಶಿಲೆಯನ್ನು ತಮಿಳುನಾಡಿನ ಸಿತ್ತಂಪೂಂಡಿಯಿಂದ ಬೆಂಗಳೂರಿಗೆ ತರಿಸಿ, ಪುಡಿಮಾಡಿ ಹಾಸಿ, ಗಾಲಿಗಳನ್ನು ಓಡಿಸಿ ನೋಡಿದರು. 2023ರ ಇಳಿತಕ್ಕೆ ಮುನ್ನ, 2019ರಲ್ಲಿ, ಮೊದಲ ಪ್ರಜ್ಞಾನ್ ತನ್ನ ಲ್ಯಾಂಡರಿನೊಡನೆ ನಾಶವಾಗಿತ್ತೆಂಬುದನ್ನು ನೆನೆದರೆ, ಈ ಯಶಸ್ಸಿನ ಹಿಂದಣ ಧೃತಿಯು ಅರ್ಥವಾಗುತ್ತದೆ.

ಆ ಬಯಲಿನ ಹಗಲುಗಳನ್ನೂ ಆ ಪ್ರಯೋಗಾಲಯದ ರಾತ್ರಿಗಳನ್ನೂ ಕನ್ನಡದಲ್ಲಿ ಓದಬಯಸುವ ಹುಡುಗನ ಕೈಗೆ ನಾವು ಏನನ್ನು ಕೊಡಬಲ್ಲೆವು? ಪತ್ರಿಕೆಗಳ ವರದಿಗಳುಂಟು, ಒಳ್ಳೆಯ ಲೇಖನಗಳೂ ಉಂಟು, ಕೆಲಸ ಮಾಡಿದವರೇ ಕನ್ನಡದಲ್ಲಿ ಬರೆದ ಗ್ರಂಥಗಳಾದರೋ ಅತಿ ವಿರಳ. ಬೆಳ್ಳಾವೆ ವೆಂಕಟನಾರಣಪ್ಪನವರೇ ಮೊದಲಾದವರು 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದರು. ಅವರ ಕಾಲದಲ್ಲಿ ವಿಜ್ಞಾನವು ಪರದೇಶದಿಂದ ಬರುವ ವಾರ್ತೆಯಾಗಿತ್ತು. ಇಂದು ಅದು ನಮ್ಮ ಊರುಗಳಲ್ಲಿಯೇ ನಡೆಯುತ್ತಿದೆ. ಆದುದರಿಂದ ನಮ್ಮ ಹೊಣೆ ಅವರದಕ್ಕಿಂತ ಗುರುತರವಾದುದು.

ಈ ಸಭೆಯಲ್ಲಿ ಪ್ರಯೋಗಾಲಯಗಳಲ್ಲಿಯೋ ಸರ್ಕಾರದ ಇಲಾಖೆಗಳಲ್ಲಿಯೋ ದುಡಿದು ನಿವೃತ್ತರಾದ ಹಿರಿಯರಿದ್ದೀರಿ. ವಿಜ್ಞಾನವನ್ನು ಬೋಧಿಸುವ ಉಪಾಧ್ಯಾಯಿನಿಯರಿದ್ದೀರಿ. ನೀವು ಕಂಡುದನ್ನೂ ಮಾಡಿದುದನ್ನೂ ಸರಳವಾದ ಕನ್ನಡದಲ್ಲಿ ಬರೆಯಿರಿ. ಇಸ್ರೋದಲ್ಲಿ ಬಂಧುಮಿತ್ರರುಳ್ಳವರು ಅವರಿಂದ ಬರೆಯಿಸಿರಿ. ವರ್ಷಕ್ಕೊಂದಾದರೂ ಅಂತಹ ಪುಸ್ತಕವನ್ನು ಈ ಸಮಾವೇಶದ ವತಿಯಿಂದ ಅಚ್ಚುಮಾಡಿಸಿ, ಗಡಿನಾಡಿನ ಮತ್ತು ಹೊರನಾಡಿನ ಕನ್ನಡ ಮಕ್ಕಳಿಗೆ ಹಂಚಬೇಕೆಂಬ ನಿರ್ಣಯವೊಂದನ್ನು ಇಂದು ಸಂಜೆಯ ಬಹಿರಂಗ ಅಧಿವೇಶನದಲ್ಲಿ ಮಂಡಿಸಲಿದ್ದೇನೆ. ಅದನ್ನು ನೀವೆಲ್ಲರೂ ಅಂಗೀಕರಿಸಿ, ಮೊದಲ ಪುಸ್ತಕದ ಹೊಣೆಯನ್ನು ವಹಿಸಿಕೊಳ್ಳುವವರು ಸಭೆ ಮುಗಿಯುವುದರೊಳಗೆ ಮುಂದೆ ಬರಬೇಕೆಂದು ಪ್ರಾರ್ಥಿಸುತ್ತೇನೆ.